ಹೆಸರಿನೊಳಗಿನ ರಸಾಯನ

ಕಲಾಯಿ ಹಾಕುವವರು ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ ಉಜ್ಜುವುದನ್ನು ನಮ್ಮ ಚೇಳೂರು ಸೀಮೆಯ ಹಿರಿಯರೆಲ್ಲ ಕಂಡಿದ್ದಾರೆ. ಬಿಳಿಯ ಹೊಗೆ ಏಳುತ್ತದೆ. ಕಿಲುಬು ಕಳೆದು ತವರ ಹಿಡಿಯುತ್ತದೆ. ಈ ನವಸಾಗರಕ್ಕೂ ಒಂಬತ್ತು ಸಾಗರಗಳಿಗೂ ಯಾವ ನಂಟೂ ಇಲ್ಲ. ಪಾರಸಿಯ 'ನೌಷಾದರ್' ಸಂಸ್ಕೃತದಲ್ಲಿ 'ನವಸಾರ'ವೆನಿಸಿ, ಜನರ ಬಾಯಲ್ಲಿ ನವಸಾಗರವಾಯಿತು. ಯುರೋಪಿನವರು ಇದೇ ಲವಣವನ್ನು ಲಿಬಿಯದ ಮರುಭೂಮಿಯ ಅಮೋನ್ ದೇವತೆಯ ಹೆಸರಿನಿಂದ ಕರೆದರು. ಅದರಿಂದ ದೊರೆಯುವ ಅನಿಲಕ್ಕೆ ಸ್ವೀಡನ್ನಿನ ಬರ್ಗ್‌ಮನ್ 1782ರಲ್ಲಿ 'ಅಮೋನಿಯ' ಎಂದು ಹೆಸರಿಟ್ಟನು.

ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ಮೈಲುತುತ್ತದ ಕಥೆ ಬೇರೆ. ಸಂಸ್ಕೃತದ 'ಮಯೂರತುತ್ಥ'ದಲ್ಲಿ ನವಿಲಿನ ಕೊರಳಿನ ನೀಲಿಯೇ ಅಡಗಿದೆ. ಹಳೆಯ ಹೆಸರುಗಳು ಹೀಗೆ ಬಣ್ಣವನ್ನೋ ಊರನ್ನೋ ಹೇಳುತ್ತಿದ್ದವೇ ಹೊರತು, ವಸ್ತುವಿನೊಳಗೆ ಏನಿದೆ ಎಂಬುದನ್ನಲ್ಲ.

ಆ ಕೊರತೆಯನ್ನು ನೀಗಿಸಲು 1787ರಲ್ಲಿ ಲವಾಸಿಯೆ, ಗೀಟಾನ್ ದ ಮೋರ್ವೊ, ಬರ್ತೊಲೆ, ಫೂರ್‌ಕ್ರ್ವಾ ಎಂಬ ನಾಲ್ವರು ಫ್ರೆಂಚ್ ವಿಜ್ಞಾನಿಗಳು ಹೊಸ ನಾಮಕರಣ ಪದ್ಧತಿಯನ್ನು ಪ್ರಕಟಿಸಿದರು. ಸಂಯುಕ್ತದ ಹೆಸರು ಅದರ ಘಟಕಗಳನ್ನೇ ಸಾರಬೇಕೆಂಬುದು ಅವರ ನಿಯಮ. ಮೈಲುತುತ್ತ 'ತಾಮ್ರದ ಸಲ್ಫೇಟ್' ಆದದ್ದು ಹೀಗೆ. ಇಂದಿನ ಬಳಕೆಯಲ್ಲಿ ಸಲ್ಫೈಡ್ ಎಂದರೆ ಗಂಧಕದೊಡನೆ ಆಮ್ಲಜನಕವಿಲ್ಲ. ಸಲ್ಫೈಟ್ ಎಂದರೆ ಇದೆ. ಸಲ್ಫೇಟ್ ಎಂದರೆ ಇನ್ನೂ ಹೆಚ್ಚಿದೆ. ಒಂದು ಪ್ರತ್ಯಯ ಬದಲಾದರೆ ವಸ್ತುವೇ ಬದಲಾಯಿತು!

ಇಂಥ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲು ಹೊರಟವರಲ್ಲಿ ನಮ್ಮ ಜಿಲ್ಲೆಯ ಬೆಳ್ಳಾವಿಯ ಹೆಸರನ್ನು ಹೊತ್ತ ಬೆಳ್ಳಾವೆ ವೆಂಕಟನಾರಾಣಪ್ಪನವರು ಪ್ರಾತಃಸ್ಮರಣೀಯರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಅವರು 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಆರಂಭಿಸಿದರು. ವಿಜ್ಞಾನಕ್ಕೆ ಕನ್ನಡದ ನುಡಿ ಸಾಲದೆಂಬ ಮಾತಿಗೆ ಅದು ಉತ್ತರವಾಗಿತ್ತು.

ಆದರೆ ಪದವನ್ನು ಅನುವಾದಿಸುವಾಗ ಅದರೊಳಗಿನ ತಪ್ಪೂ ಜೊತೆಗೆ ಬರುತ್ತದೆ. ಎಲ್ಲ ಆಮ್ಲಗಳಿಗೂ ಈ ಅನಿಲವೇ ಮೂಲವೆಂದು ನಂಬಿದ ಲವಾಸಿಯೆ, ಗ್ರೀಕ್ ಧಾತುಗಳಿಂದ 'ಆಕ್ಸಿಜನ್' ಎಂಬ ಪದವನ್ನು ಕಟ್ಟಿದನು. 'ಆಮ್ಲಜನಕ' ಅದರ ಯಥಾವತ್ ರೂಪ. 1810ರಲ್ಲಿ ಡೇವಿ ಕ್ಲೋರಿನ್ ಒಂದು ಮೂಲವಸ್ತುವೆಂದು ಸಾರಿದ ಮೇಲೆ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂಬುದು ಸ್ಪಷ್ಟವಾಯಿತು. ಅಲ್ಲಿರುವುದು ಜಲಜನಕ ಮತ್ತು ಕ್ಲೋರಿನ್ ಮಾತ್ರ. ತತ್ತ್ವ ಬಿದ್ದುಹೋಯಿತು, ಹೆಸರು ಉಳಿಯಿತು.

ಇಂದಿನ ಪಠ್ಯಪುಸ್ತಕಗಳಲ್ಲಿ 'ಆಕ್ಸಿಜನ್' ಎಂದೇ ಇರುತ್ತದೆ. ಅದರಲ್ಲೂ ಅದೇ ತಪ್ಪಿದೆ, ಕನ್ನಡದ ಮಗುವಿಗೆ ಕಾಣುವುದಿಲ್ಲ ಅಷ್ಟೆ. 'ಆಮ್ಲಜನಕ' ಎಂದು ಓದಿದ ಮಗುವಾದರೋ "ಇದು ನಿಜಕ್ಕೂ ಆಮ್ಲವನ್ನು ಹುಟ್ಟಿಸುತ್ತದೆಯೇ?" ಎಂದು ಕೇಳೀತು. ಆ ಪ್ರಶ್ನೆಗಾಗಿಯಾದರೂ, ಶಿಕ್ಷಕರಾಗಿರುವ ನನ್ನ ಶಿಷ್ಯರು ಎರಡು ಹೆಸರುಗಳನ್ನೂ ಕರಿಹಲಗೆಯ ಮೇಲೆ ಬರೆಯಲಿ.