ಚೀನಾದಲ್ಲಿ ಡೆಲ್: ಅಂಗಡಿ ಬೇಡ ಅಂದವರು ಅಂಗಡಿಗೇ ಬಂದ ಕಥೆ

ಪುಣೆಯ ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇವೆ: ಒಂದು ಡೆಲ್, ಇನ್ನೊಂದು ಲೆನೊವೊ. ನಿಮ್ಮಲ್ಲಿ ಬಹಳ ಜನರ ಬ್ಯಾಗಲ್ಲೂ ಇವೆರಡರಲ್ಲಿ ಒಂದು ಇರುತ್ತೆ. ಈ ಎರಡು ಕಂಪನಿಗಳು ಚೀನಾದಲ್ಲಿ ಎದುರುಬದುರಾದ ಕಥೆಯೇ ಇವತ್ತಿನ ಮಾತು.

ಎರಡೂ ಹುಟ್ಟಿದ್ದು 1984ರಲ್ಲಿ. ಮೈಕೆಲ್ ಡೆಲ್ ಟೆಕ್ಸಾಸ್‌ನ ಹಾಸ್ಟೆಲ್ ಕೋಣೆಯಲ್ಲಿ 1000 ಡಾಲರ್‌ನಿಂದ ಶುರು ಮಾಡಿದರು. ಬೀಜಿಂಗ್‌ನಲ್ಲಿ ಲಿಯು ಚುವಾನ್‌ಝಿ ಮತ್ತು ಸಂಗಡಿಗರು ಚೀನೀ ವಿಜ್ಞಾನ ಅಕಾಡೆಮಿಯ 2 ಲಕ್ಷ ಯುವಾನ್ ಹಿಡಿದು, ಕಾವಲುಗಾರರ ಪುಟ್ಟ ಕೋಣೆಯಲ್ಲಿ ಕೆಲಸಕ್ಕೆ ಕೂತರು. ಲೆನೊವೊ ಆಗುವ ಮುಂಚೆ ಆ ಕಂಪನಿಗೆ ಲೆಜೆಂಡ್ ಅಂತ ಹೆಸರಿತ್ತು. ಮೊದಲು ಎಎಸ್‌ಟಿಯಂಥ ವಿದೇಶಿ ಕಂಪ್ಯೂಟರ್ ಮಾರುತ್ತಿದ್ದವರು 1990ರಲ್ಲಿ ತಮ್ಮದೇ ಬ್ರಾಂಡ್ ತಂದರು. 1997ಕ್ಕೆ ಚೀನಾದಲ್ಲಿ ಮೊದಲ ಸ್ಥಾನಕ್ಕೇರಿದರು.

ಮರುವರ್ಷವೇ, 1998ರಲ್ಲಿ, ಡೆಲ್ ಶಿಯಾಮೆನ್ ಬಂದರು ನಗರದಲ್ಲಿ ಕಾರ್ಖಾನೆ ತೆರೆಯಿತು. ಅದರ ಗುಟ್ಟು ನಿಮಗೆ ಗೊತ್ತೇ ಇದೆ: ಮೊದಲು ಆರ್ಡರ್, ಆಮೇಲೆ ಜೋಡಣೆ, ನಡುವೆ ಡೀಲರ್ ಇಲ್ಲ. ಚಿಪ್ಪು, ಡಿಸ್ಕುಗಳ ಬೆಲೆ ವಾರವಾರಕ್ಕೂ ಇಳಿಯುತ್ತಿದ್ದ ಕಾಲ ಅದು. ಗೋದಾಮಿನಲ್ಲಿ ಮಾಲು ಎಷ್ಟು ದಿನ ಕೂರುತ್ತೋ ಅಷ್ಟು ನಷ್ಟ. ಡೆಲ್ ಹತ್ತಿರ ಕೆಲವೇ ದಿನಗಳ ದಾಸ್ತಾನು ಇರುತ್ತಿತ್ತು.

‘ಚೀನಾದಲ್ಲಿ ಇದು ನಡೆಯೋದಿಲ್ಲ, ಅಲ್ಲಿನವರು ಮುಟ್ಟಿ ನೋಡದೆ ಕೊಳ್ಳಲ್ಲ, ಕ್ರೆಡಿಟ್ ಕಾರ್ಡೂ ಇಲ್ಲ’ ಅಂತ ಹಲವರು ಹೇಳಿದ್ದರು. ಆದರೆ ಡೆಲ್ ಮೊದಲು ಹೋಗಿದ್ದು ಮನೆಗಳಿಗಲ್ಲ. ಸರ್ಕಾರಿ ಕಚೇರಿ, ಬ್ಯಾಂಕು, ದೊಡ್ಡ ಕಂಪನಿಗಳಿಗೆ ನೇರವಾಗಿ ಮಾರಿತು. ಇವರಿಗೆ ಕಾರ್ಡೂ ಬೇಡ, ಅಂಗಡಿಯೂ ಬೇಡ. ಮಾರಾಟ ಭರಭರನೆ ಏರಿತು. ಕೆಲವೇ ವರ್ಷಗಳಲ್ಲಿ ಡೆಲ್ ಅಲ್ಲಿನ ದೊಡ್ಡ ವಿದೇಶಿ ಬ್ರಾಂಡ್‌ಗಳಲ್ಲಿ ಒಂದಾಯಿತು.

ತೊಡಕು ಬಂದಿದ್ದು ಆ ಗೆರೆಯಾಚೆ. ಸಣ್ಣ ಊರುಗಳಲ್ಲಿ ಮೊದಲ ಸಲ ಕಂಪ್ಯೂಟರ್ ಕೊಳ್ಳುವವರಿಗೆ ಅಂಗಡಿ ಬೇಕಿತ್ತು, ಕೆಟ್ಟರೆ ಹೋಗಿ ಕೇಳೋಕೆ ಒಬ್ಬ ಪರಿಚಯದವನು ಬೇಕಿತ್ತು. ಲೆನೊವೊಗೆ ಆ ಜಾಲ ಇತ್ತು. 2004ರಲ್ಲಿ ಅದು 3000 ಯುವಾನ್ ಆಸುಪಾಸಿನ ಕಂಪ್ಯೂಟರ್ ಬಿಟ್ಟಿತು. ಅದೇ ವರ್ಷ ಡೆಲ್, ಅಗ್ಗದ ಗೃಹಬಳಕೆ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ನನಗೆ ಹಿಡಿಸೋದು ಇದರ ಮುಂದಿನ ಭಾಗ. ಲೆನೊವೊ ಗೆದ್ದೆ ಅಂತ ಸುಮ್ಮನೆ ಕೂರಲಿಲ್ಲ. ಅಂಗಡಿ ಗಿರಾಕಿಗೆ ಒಂದು ದಾರಿ, ದೊಡ್ಡ ಸಂಸ್ಥೆಗಳಿಗೆ ಡೆಲ್ ಥರದ ನೇರ ಮಾರಾಟದ ದಾರಿ, ಎರಡನ್ನೂ ಇಟ್ಟುಕೊಂಡಿತು. 2005ರಲ್ಲಿ ಐಬಿಎಂನ ಪಿಸಿ ವಿಭಾಗವನ್ನು ಕೊಂಡಿತು. ಥಿಂಕ್‌ಪ್ಯಾಡ್ ಹೀಗೆ ಲೆನೊವೊ ಆಯಿತು. ಆ ವರ್ಷದ ಕೊನೆಗೆ ಡೆಲ್‌ನ ಏಷ್ಯಾ ಮುಖ್ಯಸ್ಥ ವಿಲಿಯಂ ಅಮೆಲಿಯೊ ಅವರನ್ನೇ ಕರೆದು ಸಿಇಒ ಮಾಡಿತು. ಡೆಲ್ ಕೂಡ ಪಾಠ ಕಲಿಯಿತು, ತಡವಾಗಿ: 2007ರಲ್ಲಿ ಚೀನಾದ ಗೋಮೆ ಅಂಗಡಿಗಳಲ್ಲಿ ಮಾಲು ಇಟ್ಟಿತು. 2013ರಲ್ಲಿ ಲೆನೊವೊ ಜಗತ್ತಿನಲ್ಲೇ ಅತಿ ಹೆಚ್ಚು ಪಿಸಿ ಮಾರುವ ಕಂಪನಿಯಾಯಿತು.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಪ್ರತಿ ಮೂರು ತಿಂಗಳಿಗೆ ಬೆಳವಣಿಗೆಯ ಗ್ರಾಫ್ ತೋರಿಸೋರು. ಗೆರೆ ಮೇಲೇ ಹೋಗ್ತಿತ್ತು, ನಾವು ಚಪ್ಪಾಳೆ ತಟ್ತಿದ್ವಿ. ನಮ್ಮ ಗಿರಾಕಿಗಳೆಲ್ಲ ನಾಲ್ಕೈದು ದೊಡ್ಡ ಸಂಸ್ಥೆಗಳು ಅನ್ನೋದು ಗ್ರಾಫಿನಲ್ಲಿ ಕಾಣ್ತಿರಲಿಲ್ಲ. ಅದರಲ್ಲಿ ಒಂದು ಹೋದಾಗ ನಮ್ಮ ಟೀಮಿನ ಅರ್ಧ ಜನ ಮನೆಗೆ ಹೋದರು. ಅವತ್ತಿನಿಂದ ಗ್ರಾಫ್ ನೋಡಿದಾಗ ಒಂದೇ ಪ್ರಶ್ನೆ ಕೇಳ್ತೀನಿ: ಕೊಳ್ಳುತ್ತಿರೋರು ಯಾರು, ಇನ್ನೂ ಕೊಳ್ಳದೆ ಹೊರಗೆ ನಿಂತಿರೋರು ಯಾರು?

ನಿಮ್ಮ ಕಂಪನಿಯ ಮುಂದಿನ ಮೀಟಿಂಗಿನಲ್ಲಿ ನೀವೂ ಕೇಳಿ ನೋಡಿ. ಮತ್ತೆ ಸಿಗೋಣ.