ಕದ್ದ ಬೀಜದ ದೂರಪಯಣ

ಪನಾಮಾದ ಬಾರೊ ಕೊಲೊರಾಡೊ ದ್ವೀಪದಲ್ಲಿ ಕಾಂಡದ ತುಂಬ ಕಪ್ಪು ಮುಳ್ಳಿರುವ ಒಂದು ತಾಳೆ ಬೆಳೆಯುತ್ತದೆ. ಇಂಥ ಮರಗಳ ದಪ್ಪ ಬೀಜಗಳನ್ನು ದೂರಕ್ಕೆ ಒಯ್ಯುತ್ತಿದ್ದವರು ಆನೆಯಂಥ ಗೊಂಫೋಥೇರ್ ಮೊದಲಾದ ದೈತ್ಯರು ಎಂದು 1982ರಲ್ಲಿ ವಿಜ್ಞಾನಿಗಳಾದ ಜಾನ್ಜೆನ್ ಮತ್ತು ಮಾರ್ಟಿನ್ ವಾದಿಸಿದರು. ಆ ದೈತ್ಯರು ಅಳಿದು ಹತ್ತು ಸಾವಿರ ವರ್ಷವಾದರೂ ತಾಳೆ ಉಳಿದಿದೆ. ಉಳಿಸಿದ್ದು ಇಲಿಯ ಬಳಗದ, ಮೊಲದ ಗಾತ್ರದ ಅಗೂಟಿ ಎನ್ನಲು ಬಲವಾದ ಆಧಾರವಿದೆ. ಅದು ಮುಂಗಾಲಿನಿಂದ ಗುಳಿ ತೋಡಿ, ಒಂದೊಂದೇ ಬೀಜ ಹೂತು, ಮೇಲೆ ತರಗೆಲೆ ಎಳೆಯುತ್ತದೆ.

ಕೆಲವೇ ಎಕರೆಯೊಳಗೆ ಸುತ್ತಾಡುವ ಪ್ರಾಣಿ ಬೀಜವನ್ನು ಎಷ್ಟು ದೂರ ಒಯ್ದೀತು ಎಂಬ ಆಕ್ಷೇಪ ಸಹಜ. ಒಂಟಿ ಅಗೂಟಿಯ ಮಟ್ಟಿಗೆ ಅದು ನಿಜವೂ ಹೌದು. ಆದರೆ ಅಕ್ಕಪಕ್ಕದ ಅಗೂಟಿಗಳ ವಲಯಗಳು ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ಅಲ್ಲಿ ಒಂದು ಹೂತ ಬೀಜವನ್ನು ಇನ್ನೊಂದು ಕದ್ದು ಬೇರೆಡೆ ಹೂಳುವ ಕಳ್ಳತನ ನಿತ್ಯದ ವ್ಯವಹಾರ. ಪ್ಯಾಟ್ರಿಕ್ ಯಾನ್ಸೆನ್ ತಂಡ ಬೀಜಗಳಿಗೇ ರೇಡಿಯೊ ಟ್ರಾನ್ಸ್‌ಮಿಟರ್ ಕಟ್ಟಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಬೀಜ 36 ಬಾರಿ ಜಾಗ ಬದಲಿಸಿ ಒಟ್ಟು 749 ಮೀಟರ್ ಅಲೆದು, ಹೊರಟಲ್ಲಿಂದ 280 ಮೀಟರ್ ದೂರ ಸೇರಿತ್ತು. ಸುಮಾರು 35% ಬೀಜಗಳು 100 ಮೀಟರ್ ದಾಟಿದವು. ಹಾಗಾಗಿ ಬೀಜದ ದಾರಿಯನ್ನು ಒಂದೇ ಪ್ರಾಣಿಯ ವಲಯದಿಂದ ಅಳೆಯುವುದು ತಪ್ಪು ಲೆಕ್ಕ.

ಕೊನೆಗೆ ತಿಂದೇಬಿಟ್ಟರೆ ಲಾಭವೇನು? 36 ಸಲ ಅಲೆದ ಆ ಬೀಜವೂ ಅಗೂಟಿಯ ಹೊಟ್ಟೆಯನ್ನೇ ಸೇರಿತು, ಪಾಪ. ಆದರೂ ಹೂತ ಬೀಜಗಳಲ್ಲಿ ಸುಮಾರು 14% ಮುಂದಿನ ವರ್ಷದವರೆಗೆ ಉಳಿದವು. ಬಹುಕಾಲ ಕಾಯಿ ಬಿಡಬಲ್ಲ ಮರಕ್ಕೆ ತನ್ನ ಜಾಗ ತುಂಬಲು ಬೇಕಾದದ್ದು ಬದುಕಿ ಬೆಳೆಯುವ ಒಂದೇ ಸಸಿ.