ಕೆಲಸವೋ, ಸದಸ್ಯತ್ವವೋ: ಜಪಾನಿ ಕಂಪನಿಯಲ್ಲಿ ವಿದೇಶಿ ನೌಕರರ ಬೆಳವಣಿಗೆ ಕುರಿತು ಒಂದು ಟಿಪ್ಪಣಿ

ಜಪಾನಿನ ಕಾರ್ಮಿಕ ಸಚಿವಾಲಯದ ಲೆಕ್ಕದಂತೆ 2024ರ ಅಕ್ಟೋಬರ್ ಕೊನೆಗೆ ಆ ದೇಶದಲ್ಲಿ ದುಡಿಯುತ್ತಿದ್ದ ವಿದೇಶಿಯರು ಸುಮಾರು 23 ಲಕ್ಷ. ಕಾರ್ಖಾನೆ, ಹೊಲಗಳಲ್ಲಿ ತರಬೇತಿಯ ಹೆಸರಿನಲ್ಲಿ ದುಡಿಯುವವರು, ಓದುತ್ತಲೇ ಅಂಗಡಿಗಳಲ್ಲಿ ಗಂಟೆಲೆಕ್ಕದ ಕೆಲಸ ಮಾಡುವ ವಿದ್ಯಾರ್ಥಿಗಳು ಎಲ್ಲರೂ ಈ ಲೆಕ್ಕದಲ್ಲಿದ್ದಾರೆ. ಅವರ ಪಾಡು ಬೇರೆಯದೇ ಅಧ್ಯಯನ ಬೇಡುತ್ತದೆ. ಇಲ್ಲಿ ನಾನು ನೋಡುತ್ತಿರುವುದು ಪದವಿ ಮುಗಿಸಿ, ಎಂಜಿನಿಯರಾಗಿಯೋ ಕಚೇರಿ ಉದ್ಯೋಗಿಯಾಗಿಯೋ ಜಪಾನಿ ಕಂಪನಿಯೊಂದನ್ನು ಸೇರಿ, ಅಲ್ಲೇ ಹತ್ತಿಪ್ಪತ್ತು ವರ್ಷ ಬೆಳೆಯಬೇಕೆಂದು ಹೊರಟವರನ್ನು. ಅವರ ಬೆಳವಣಿಗೆ ಒಂದು ಹಂತದಲ್ಲಿ ಯಾಕೆ ನಿಂತುಬಿಡುತ್ತದೆ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ: ಭಾಷೆ ಸಾಲಲಿಲ್ಲ, ಜಪಾನಿ ಸಂಸ್ಕೃತಿ ಹೊರಗಿನವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎರಡರಲ್ಲೂ ಸತ್ಯವಿದೆ, ಆದರೆ ಎರಡೂ ಸೇರಿದರೂ ವಿವರಣೆ ಪೂರ್ತಿಯಾಗುವುದಿಲ್ಲ. ವಿದೇಶಿ ನೌಕರರು ಏಕಕಾಲಕ್ಕೆ ಎರಡು ವ್ಯವಸ್ಥೆಗಳ ಕೆಳಗೆ ಬದುಕುತ್ತಾರೆ. ವಲಸೆ ಕಾನೂನು ಅವರನ್ನು ಅವರು ಮಾಡುವ ಕೆಲಸದಿಂದ ಗುರುತಿಸುತ್ತದೆ. ಕಂಪನಿ ತನ್ನವರನ್ನು ಗುರುತಿಸುವುದು ಸದಸ್ಯತ್ವದಿಂದ. ಬಡ್ತಿ ಸಿಕ್ಕಿಹಾಕಿಕೊಳ್ಳುವುದು ಇವೆರಡರ ನಡುವೆ ಎಂಬುದು ನನ್ನ ವಾದ.

ಈ ಭೇದದ ಬೇರು ನಕಾನೆ ಚಿಎ ಅವರ ಬರಹದಲ್ಲಿದೆ. ಜನರನ್ನು ಗುಂಪಾಗಿ ಕಟ್ಟುವ ತತ್ವಗಳು ಎರಡು ಎಂದು ಈ ಸಮಾಜ ಮಾನವಶಾಸ್ತ್ರಜ್ಞೆ 1967ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಹೇಳಿದರು. ಒಂದು, ವ್ಯಕ್ತಿಯ ಲಕ್ಷಣ: ಕಸುಬು, ವಿದ್ಯೆ, ಕುಲ. ಇನ್ನೊಂದು, ವ್ಯಕ್ತಿ ಸೇರಿರುವ ನೆಲೆ: ಮನೆ, ಹಳ್ಳಿ, ಕಂಪನಿ. ಜಪಾನಿಯರು ಪರಿಚಯ ಹೇಳಿಕೊಳ್ಳುವಾಗ ತಮ್ಮ ಕಸುಬಿಗಿಂತ ಮೊದಲು ತಾವು ಯಾವ ಕಂಪನಿಯವರೆಂದು ಹೇಳುತ್ತಾರೆ ಎಂಬುದು ಅವರು ಕೊಟ್ಟ ಉದಾಹರಣೆ. ಲಕ್ಷಣವೇ ಎಲ್ಲವನ್ನೂ ನಿರ್ಧರಿಸುವ ಇನ್ನೊಂದು ತುದಿಗೆ ಅವರು ಇಟ್ಟಿದ್ದು ಭಾರತವನ್ನು, ಅದರ ಜಾತಿ ವ್ಯವಸ್ಥೆಯನ್ನು. ಇದು ದೂರದಿಂದ ಮಾಡಿದ ಊಹೆಯಲ್ಲ. 1950ರ ದಶಕದಲ್ಲಿ ನಕಾನೆ ಭಾರತದಲ್ಲಿ ವರ್ಷಗಟ್ಟಲೆ ಕ್ಷೇತ್ರಕಾರ್ಯ ಮಾಡಿದ್ದರು. ಗಾರೊ ಮತ್ತು ಖಾಸಿ ಜನರ ಮಾತೃವಂಶೀಯ ಪದ್ಧತಿಯ ಮೇಲೆ ಅವರ ಗ್ರಂಥವೇ ಇದೆ. ಜಪಾನಿ ಕಂಪನಿಯನ್ನು ವಿವರಿಸುವ ಈ ಚೌಕಟ್ಟು ರೂಪುಗೊಂಡಾಗ ಹೋಲಿಕೆಯ ಇನ್ನೊಂದು ಬದಿಯಲ್ಲಿ ನಾವೇ ಇದ್ದೆವು.

ನಕಾನೆಯವರಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಯೆಂದರೆ, ಅವರು ನೆಲೆಯ ತತ್ವವನ್ನು ಕಾಲಾತೀತ ಸ್ವಭಾವದಂತೆ ಚಿತ್ರಿಸುವುದು. ಕಾರ್ಮಿಕ ಸಚಿವಾಲಯದಲ್ಲಿ ಕೆಲಸ ಮಾಡಿ ಅನುಭವವಿದ್ದ ಹಮಗುಚಿ ಕೆಯ್‌ಇಚಿರೊ 2009ರ ಪುಸ್ತಕದಲ್ಲಿ ಈ ನೆಲೆಯ ತತ್ವವನ್ನೇ ಉದ್ಯೋಗ ಕರಾರಿನ ಭಾಷೆಗೆ ಇಳಿಸಿದರು. ಬೇರೆಡೆ ಕರಾರಿನಲ್ಲಿ ಕೆಲಸ ಯಾವುದೆಂದು ಬರೆದಿರುತ್ತದೆ. ಜಪಾನಿನ ದೊಡ್ಡ ಕಂಪನಿಯ ಕಾಯಂ ನೌಕರರ ಕರಾರಿನಲ್ಲಿ ಆ ಜಾಗ ಖಾಲಿ. ಅವರು ಸೇರುವುದು ಕೆಲಸಕ್ಕಲ್ಲ, ಕಂಪನಿಗೆ. ಹೀಗೆ ನೋಡಿದಾಗ ಸಂಸ್ಕೃತಿ ಎಂಬ ಮಬ್ಬು ಕರಗಿ, ಪರಿಶೀಲಿಸಬಹುದಾದ ನಿಯಮಗಳು ಕಾಣತೊಡಗುತ್ತವೆ.

ಆ ನಿಯಮಗಳನ್ನು ಕಟ್ಟುವುದರಲ್ಲಿ ನ್ಯಾಯಾಲಯಗಳ ಪಾಲು ದೊಡ್ಡದು. ಸಮಂಜಸ ಕಾರಣವಿಲ್ಲದ ವಜಾ ಅಸಿಂಧು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1975ರಲ್ಲಿ ಗಟ್ಟಿಮಾಡಿತು. ಇಂದು ಅದು ಕಾರ್ಮಿಕ ಕರಾರು ಕಾಯ್ದೆಯ 16ನೇ ಕಲಮು. ನೌಕರರಿಗೆ ಭದ್ರತೆ ಸಿಕ್ಕಿತು. ಅದಕ್ಕೆ ತೆತ್ತ ಬೆಲೆ 1986ರ ತೋಆ ಪೇಂಟ್ ತೀರ್ಪಿನಲ್ಲಿ ಕಾಣುತ್ತದೆ. ಕೋಬೆಯಲ್ಲಿ ಕೆಲಸ ಮಾಡುತ್ತಿದ್ದ ಮಾರಾಟ ವಿಭಾಗದ ನೌಕರರೊಬ್ಬರು ತಾಯಿ, ಹೆಂಡತಿ, ಮಗುವನ್ನು ಬಿಟ್ಟು ನಗೊಯಾಕ್ಕೆ ಹೋಗಲಾರೆ ಎಂದದ್ದಕ್ಕೆ ಕಂಪನಿ ಅವರನ್ನು ವಜಾ ಮಾಡಿತ್ತು. ಕೆಳಗಿನ ನ್ಯಾಯಾಲಯಗಳು ನೌಕರನ ಪರ ನಿಂತರೂ ಸುಪ್ರೀಂ ಕೋರ್ಟ್ ಕಂಪನಿಯ ವರ್ಗಾವಣೆ ಅಧಿಕಾರವನ್ನು ಎತ್ತಿಹಿಡಿಯಿತು. ಕಂಪನಿ ಕೈಬಿಡುವಂತಿಲ್ಲ, ನೌಕರ ಎಲ್ಲಿಗೆ ಕಳಿಸಿದರೂ, ಯಾವ ಕೆಲಸ ಕೊಟ್ಟರೂ ಇಲ್ಲ ಎನ್ನುವಂತಿಲ್ಲ. ಏಪ್ರಿಲ್ 1ರಂದು ಒಟ್ಟಿಗೆ ಸೇರಿದ ಹೊಸ ಪದವೀಧರರು ಕೆಲವು ವರ್ಷಗಳಿಗೊಮ್ಮೆ ಲೆಕ್ಕಪತ್ರ, ಮಾರಾಟ, ಕಾರ್ಖಾನೆ, ಸಿಬ್ಬಂದಿ ವಿಭಾಗಗಳನ್ನು ಸುತ್ತುತ್ತಾರೆ. ಮೇಲಿನ ಹುದ್ದೆಗೆ ಆರಿಸುವಾಗ ಕಂಪನಿ ನೋಡುವುದು ಈ ಸುತ್ತಾಟದಲ್ಲಿ ಗಳಿಸಿದ ಪರಿಚಯ ಮತ್ತು ನಂಬಿಕೆಯನ್ನು. ಒಂದೇ ವಿದ್ಯೆಯಲ್ಲಿ ಪಳಗಿದ ತಜ್ಞರಿಗೆ ಗೌರವ ಸಿಗುತ್ತದೆ, ವಿಭಾಗದ ಚುಕ್ಕಾಣಿ ಸುಲಭಕ್ಕೆ ಸಿಗುವುದಿಲ್ಲ.

ಈಗ ವಲಸೆ ಕಾನೂನಿನ ಕಡೆ ತಿರುಗೋಣ. ಎಂಜಿನಿಯರಿಂಗ್, ಮಾನವಿಕ ಜ್ಞಾನ, ಅಂತರರಾಷ್ಟ್ರೀಯ ಸೇವೆ ಮೂರನ್ನೂ ಒಂದೇ ಚೀಲಕ್ಕೆ ಹಾಕಿರುವ, ಎಲ್ಲರೂ ಚುಟುಕಾಗಿ ಗಿಜಿಂಕೊಕು ಎಂದು ಕರೆಯುವ ವಾಸ್ತವ್ಯ ಪರವಾನಗಿಯೇ ಪದವೀಧರ ವಿದೇಶಿಯರ ಹೆದ್ದಾರಿ. ಓದಿದ ವಿಷಯಕ್ಕೂ ಮಾಡುವ ಕೆಲಸಕ್ಕೂ ಸಂಬಂಧ ಇರಬೇಕು, ಅದೇ ಕೆಲಸಕ್ಕೆ ಜಪಾನಿಯರಿಗೆ ಕೊಡುವಷ್ಟಾದರೂ ಸಂಬಳ ಇರಬೇಕು ಎಂಬುದು ಅದರ ಷರತ್ತು. ಷರತ್ತು ನ್ಯಾಯವಾದದ್ದೇ, ಎಂಜಿನಿಯರ್ ಹೆಸರಿನಲ್ಲಿ ಕರೆತಂದು ಗೋದಾಮಿನಲ್ಲಿ ದುಡಿಸುವುದನ್ನು ಅದು ತಡೆಯುತ್ತದೆ. ಆದರೆ ಕಾಯಂ ನೌಕರರನ್ನು ರೂಪಿಸುವ ಸುತ್ತಾಟಕ್ಕೆ ಅದು ನೇರ ಅಡ್ಡಿ. ಜಪಾನಿ ಸಹೋದ್ಯೋಗಿಗಳಿಗೂ ಅಂಥದೇ ತರಬೇತಿ ಇದ್ದು, ಅದರ ಅವಧಿ ಒಟ್ಟು ವಾಸ್ತವ್ಯದಲ್ಲಿ ಸಣ್ಣ ಪಾಲಾಗಿದ್ದರೆ ಅಂಗಡಿಯ ಅಥವಾ ಕಾರ್ಖಾನೆಯ ಕೆಲಸಕ್ಕೆ ವಲಸೆ ಇಲಾಖೆ ಅವಕಾಶ ಕೊಡುತ್ತದೆ, ಅಷ್ಟೆ. ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ಇದೊಂದು ರಗಳೆ. ಪರವಾನಗಿ ನವೀಕರಣಕ್ಕೆ ತೊಡಕಾಗದಿರಲೆಂದು ಅದು ವಿದೇಶಿ ನೌಕರರನ್ನು ಬಂದ ಜಾಗದಲ್ಲೇ ಬಿಡುತ್ತದೆ. ಯಾರದೂ ದುರುದ್ದೇಶವಿಲ್ಲದೆಯೇ ಅವರು ಕಾಯಂ ತಜ್ಞರಾಗಿ ಉಳಿದುಬಿಡುತ್ತಾರೆ.

2012ರಲ್ಲಿ ಬಂದ ಅಂಕ ಪದ್ಧತಿ ಈ ಗಂಟನ್ನು ಇನ್ನೊಂದು ಬಗೆಯಲ್ಲಿ ಬಿಗಿ ಮಾಡಿದೆ. ಪದವಿ, ಅನುಭವ, ವಯಸ್ಸು, ಸಂಬಳ, ಭಾಷೆಗೆಲ್ಲ ಅಂಕ. 70 ಮುಟ್ಟಿದವರು ಉನ್ನತ ಕೌಶಲದವರು. 2017ರಿಂದ 70 ಅಂಕದವರು ಮೂರು ವರ್ಷಕ್ಕೆ, 80 ಅಂಕದವರು ಒಂದೇ ವರ್ಷಕ್ಕೆ ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು. ಉಳಿದವರಿಗೆ ಸಾಮಾನ್ಯವಾಗಿ ಹತ್ತು ವರ್ಷ. ಮನೆಯ ವಾರ್ಷಿಕ ಆದಾಯ 80 ಲಕ್ಷ ಯೆನ್ ಇದ್ದು, ಏಳು ವರ್ಷದೊಳಗಿನ ಮಗು ಇದ್ದರೆ ತಂದೆ ತಾಯಿಯನ್ನೂ ಕರೆಸಿಕೊಳ್ಳಬಹುದು. ಬಾಣಂತನಕ್ಕೆ ಅಮ್ಮ ಬರಲೇಬೇಕೆನ್ನುವ ನಮ್ಮ ಮನೆಗಳಿಗೆ ಇದು ಸಣ್ಣ ಸವಲತ್ತಲ್ಲ. ಆದರೆ ಈ ಪರವಾನಗಿಯ ಮೊದಲ ಹಂತ ಒಂದು ನಿರ್ದಿಷ್ಟ ಕಂಪನಿಗೆ ಅಂಟಿಕೊಂಡಿದೆ. ಗಿಜಿಂಕೊಕು ಇದ್ದವರು ಕೆಲಸದ ಬಗೆ ಬದಲಾಗದಿದ್ದರೆ ಕಂಪನಿ ಬದಲಿಸಿ, 14 ದಿನದೊಳಗೆ ತಿಳಿಸಿದರೆ ಸಾಕು. ಹೆಚ್ಚು ಅಂಕದವರು ಹೊಸ ಕಂಪನಿಗೆ ಸೇರುವ ಮುನ್ನ ಪರವಾನಗಿಯನ್ನೇ ಬದಲಿಸಿಕೊಳ್ಳಬೇಕು.

ವಿದೇಶಿ ನೌಕರರ ಈ ಇಬ್ಬಂದಿತನಕ್ಕೆ ಕಾನೂನಿನ ಇತಿಹಾಸದಲ್ಲಿ ಎರಡು ಗುರುತುಗಳಿವೆ. ಪಾಕ್ ಚೊಂಗ್‌ಸೊಕ್ ಅಯಿಚಿ ಪ್ರಾಂತ್ಯದಲ್ಲೇ ಹುಟ್ಟಿ ಬೆಳೆದ ಕೊರಿಯನ್ ಸಮುದಾಯದ ಯುವಕ. 1970ರಲ್ಲಿ, ದಿನನಿತ್ಯ ಬಳಸುತ್ತಿದ್ದ ಜಪಾನಿ ಹೆಸರಿನಲ್ಲೇ ಹಿಟಾಚಿಯ ಪರೀಕ್ಷೆ ಬರೆದು ಆಯ್ಕೆಯಾದರು. ಕುಟುಂಬ ನೋಂದಣಿಯ ಪ್ರತಿ ಕೇಳಿದಾಗ, ವಿದೇಶಿಯಾದ ತನಗೆ ಅದು ಇಲ್ಲವೆಂದು ತಿಳಿಸಿದರು. ಕಂಪನಿ ಆಯ್ಕೆಯನ್ನು ರದ್ದು ಮಾಡಿತು. 1974ರ ಜೂನ್ 19ರಂದು ಯೊಕೊಹಾಮಾ ಜಿಲ್ಲಾ ನ್ಯಾಯಾಲಯ, ಉದ್ಯೋಗ ಕರಾರು ಆಗಲೇ ಏರ್ಪಟ್ಟಿತ್ತು, ರಾಷ್ಟ್ರೀಯತೆಯ ಕಾರಣಕ್ಕೆ ಅದನ್ನು ಮುರಿಯುವಂತಿಲ್ಲ ಎಂದಿತು. ಪಾಕ್ ಹಿಟಾಚಿ ಸೇರಿ, 2011ರಲ್ಲಿ ಅಲ್ಲಿಂದಲೇ ನಿವೃತ್ತರಾದರು. ಜಪಾನಿ ಕಂಪನಿಯಲ್ಲಿ ವಿದೇಶಿಯರು ಕಟ್ಟಿದ ವೃತ್ತಿಜೀವನಗಳ ಚರಿತ್ರೆ ಬರೆಯುವವರು ಇಲ್ಲಿಂದ ಶುರುಮಾಡಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಇನ್ನೊಂದು ಮ್ಯಾಕ್ಲೀನ್ ಪ್ರಕರಣ. ಇಂಗ್ಲಿಷ್ ಕಲಿಸಲು 1969ರಲ್ಲಿ ಜಪಾನಿಗೆ ಬಂದ ಅಮೆರಿಕನ್ ಪ್ರಜೆ ಮ್ಯಾಕ್ಲೀನ್ ಕೆಲವೇ ದಿನಗಳಲ್ಲಿ ಅನುಮತಿ ಪಡೆಯದೆ ಶಾಲೆ ಬದಲಿಸಿದರು, ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟನೆಗಳಿಗೂ ಹೋದರು. ಅವರ ವಾಸ್ತವ್ಯವನ್ನು ನವೀಕರಿಸಲಿಲ್ಲ. ಸಂವಿಧಾನದ ಹಕ್ಕುಗಳು ವಿದೇಶಿಯರಿಗೂ ಉಂಟು, ಆದರೆ ವಾಸ್ತವ್ಯ ವ್ಯವಸ್ಥೆಯ ಚೌಕಟ್ಟಿನೊಳಗೆ ಮಾತ್ರ. ನವೀಕರಣದಲ್ಲಿ ಸಚಿವರ ವಿವೇಚನೆ ವಿಶಾಲವಾದದ್ದು ಎಂದು 1978ರ ಅಕ್ಟೋಬರ್ 4ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಎರಡನ್ನೂ ಒಟ್ಟಿಗೆ ಓದಬೇಕು. ಕಾರ್ಮಿಕ ಕಾನೂನಿನ ಮುಂದೆ ವಿದೇಶಿ ನೌಕರರು ಸಹೋದ್ಯೋಗಿಗೆ ಸಮ. ವಲಸೆ ಕಾನೂನಿನ ಮುಂದೆ ಅವರು ಅರ್ಜಿದಾರರು. ಇಷ್ಟವಿಲ್ಲದ ವರ್ಗಾವಣೆಯನ್ನು ಪ್ರಶ್ನಿಸಬೇಕಾದಾಗ ಜಪಾನಿಯರಿಗಿಲ್ಲದ ಹಿಂಜರಿಕೆ ಅವರಿಗೆ ಬರುವುದು ಇದರಿಂದಲೇ.

ಭಾಷೆಯ ವಿಷಯ ಬಿಡುವಂತಿಲ್ಲ. ಕ್ರಿಯಾಪದ ಕೊನೆಗೆ ಬರುವ, ವಿಭಕ್ತಿ ಹಿಂದೆ ಅಂಟುವ ವಾಕ್ಯರಚನೆ ಕನ್ನಡಿಗರಿಗೆ ಬೇಗ ಒಗ್ಗುತ್ತದೆ. ತಡೆಯುವುದು ಲಿಪಿ: ನಿತ್ಯಬಳಕೆಯ ಅಧಿಕೃತ ಪಟ್ಟಿಯಲ್ಲೇ 2,136 ಕಾಂಜಿಗಳಿವೆ. ಬೆಂಗಳೂರಿನಲ್ಲೂ ನಡೆಯುವ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಎನ್1 ಅತ್ಯುನ್ನತ ಹಂತವೆಂದೇ ಹೆಸರು. ಆದರೆ ಆ ಪರೀಕ್ಷೆಯಲ್ಲಿ ಮಾತಾಡಬೇಕಿಲ್ಲ, ಸ್ವಂತವಾಗಿ ಬರೆಯಬೇಕಿಲ್ಲ. ಕಚೇರಿಯಲ್ಲಿ ಬೇಕಾಗುವುದು ಸರಿಯಾಗಿ ಈ ಎರಡೇ: ಮೇಜಿಂದ ಮೇಜಿಗೆ ಮುದ್ರೆ ಒತ್ತಿಸಿಕೊಂಡು ಸಾಗುವ ಪ್ರಸ್ತಾವ ಬರೆಯುವುದು, ಸಭೆಗೆ ಮೊದಲೇ ಒಬ್ಬೊಬ್ಬರ ಬಳಿಯೂ ಹೋಗಿ ಮಾತಾಡಿ ಒಪ್ಪಿಸುವುದು. ರಕುಟೆನ್ 2010ರಲ್ಲಿ ಘೋಷಿಸಿ 2012ರ ಜುಲೈಯಿಂದ ಇಂಗ್ಲಿಷನ್ನು ಕಂಪನಿಯ ಅಧಿಕೃತ ಭಾಷೆ ಮಾಡಿತು. ಇದು ಪ್ರವೇಶದ ಬಾಗಿಲನ್ನು ಅಗಲ ಮಾಡಿತೆಂಬುದು ನಿಜ. ಆದರೆ ಇಂಗ್ಲಿಷಿನಲ್ಲಿ ನಡೆಯುವ ಕಂಪನಿಯೊಂದರಲ್ಲಿ ಗಳಿಸಿದ ಅನುಭವ, ಜಪಾನಿ ಭಾಷೆಯಲ್ಲೇ ನಡೆಯುವ ಇನ್ನೊಂದು ಕಂಪನಿಗೆ ಹೋಗುವಾಗ ಅರ್ಧ ಬೆಲೆಗೆ ಇಳಿಯುತ್ತದೆ. ಬರುವವರು ಮೊದಲ ವರ್ಷದಿಂದಲೇ ಭಾಷೆಗೆ ಸಮಯ ತೆಗೆದಿಡಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ವಿದೇಶಿ ಮುಖ್ಯಸ್ಥರ ಹೆಸರುಗಳನ್ನು ಮುಂದಿಟ್ಟು ದಾರಿ ತೆರೆದಿದೆ ಎನ್ನುವುದು ದುರ್ಬಲ ಸಾಕ್ಷ್ಯ. ನಿಸಾನ್‌ಗೆ 1999ರಲ್ಲಿ ಬಂದ ಕಾರ್ಲೋಸ್ ಘೋನ್, ತಕೆಡಾಕ್ಕೆ 2014ರಲ್ಲಿ ಬಂದ ಕ್ರಿಸ್ಟೋಫ್ ವೆಬರ್ ಹೊರಗಿಂದ ನೇರವಾಗಿ ಮೇಲಿನ ಮಹಡಿಗೆ ಇಳಿದವರು. 1998ರಲ್ಲಿ ರೆನೋ ಬಿಟ್ಟು ಟೊಯೋಟಾ ಸೇರಿ 2015ರಲ್ಲಿ ಅದರ ಕಾರ್ಯನಿರ್ವಾಹಕ ಉಪಾಧ್ಯಕ್ಷರಾದ ಮೊದಲ ವಿದೇಶಿ ದಿದಿಯೆ ಲರ್ವಾ ಅವರದು ಹೆಚ್ಚು ಪಾಠವಿರುವ ಉದಾಹರಣೆ. ಹದಿನೇಳು ವರ್ಷ ಕಂಪನಿಯೊಳಗೇ ಬೆಳೆದರೂ ಆ ಬೆಳವಣಿಗೆಯ ಬಹುಪಾಲು ನಡೆದದ್ದು ಯುರೋಪಿನ ಕಾರ್ಖಾನೆ, ಕಚೇರಿಗಳಲ್ಲಿ.

ಕರ್ನಾಟಕಕ್ಕೆ ಇದರ ಅರ್ಥ ನೇರವಾಗಿದೆ. ಬಿಡದಿಯಲ್ಲಿ ಟೊಯೋಟಾ, ಬೆಂಗಳೂರಿನಲ್ಲಿ ರಕುಟೆನ್, 2022ರಿಂದ ಮೆರ್ಕಾರಿ ಇರುವಾಗ, ಇಲ್ಲೇ ಒಂದು ವರ್ಷವಾದರೂ ದುಡಿದು ಕಂಪನಿಯೊಳಗಿನ ವರ್ಗಾವಣೆಯ ಮೇಲೆ ಜಪಾನಿಗೆ ಹೋಗುವ ದಾರಿಯಿದೆ. ಅದರಲ್ಲಿ ಅವಧಿ, ಜಾಗ ಎರಡೂ ಗೊತ್ತುಪಡಿಸಿದವು. 2016ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಒಪ್ಪಂದದಂತೆ ಐದು ವರ್ಷದೊಳಗಿನ ನಿಯೋಜನೆಯವರು ಇಲ್ಲಿನ ಭವಿಷ್ಯನಿಧಿಯಲ್ಲೇ ಮುಂದುವರಿಯಬಹುದು. ನೇರವಾಗಿ ಜಪಾನಿ ಕಂಪನಿಯ ಪಟ್ಟಿಗೆ ಸೇರಿದವರು ಅಲ್ಲಿನ ಪಿಂಚಣಿಗೆ ಕಟ್ಟುತ್ತಾರೆ. ಅದು ಸಿಗಲು ಹತ್ತು ವರ್ಷ ತುಂಬಬೇಕು, ಎರಡೂ ದೇಶದ ಅವಧಿಯನ್ನು ಕೂಡಿಸಿ ತೋರಿಸಬಹುದು. ಹೊರಡುವಾಗ ಒಂದೇ ಗಂಟಿನಲ್ಲಿ ಹಣ ಹಿಂತೆಗೆದುಕೊಂಡರೆ ಮಾತ್ರ ಆ ವರ್ಷಗಳು ಲೆಕ್ಕದಿಂದ ಅಳಿಸಿಹೋಗುತ್ತವೆ. ಊರಿಗೆ ಮರಳುವ ಆತುರದಲ್ಲಿ ಅನೇಕರು ಇದನ್ನು ಗಮನಿಸುವುದಿಲ್ಲ.

ಸದಸ್ಯತ್ವದ ಕಟ್ಟಡವೂ ಈಗ ಮೊದಲಿನಂತಿಲ್ಲ. 2008ರ ಹಣಕಾಸು ವರ್ಷದಲ್ಲಿ 78,730 ಕೋಟಿ ಯೆನ್ ನಷ್ಟ ಕಂಡ ಹಿಟಾಚಿ ಅಲ್ಲಿಂದಾಚೆ ಹುದ್ದೆ ಆಧಾರಿತ ಪದ್ಧತಿಯತ್ತ ಹೊರಳಿತು. ಫುಜಿತ್ಸು 2020ರಲ್ಲಿ ಮ್ಯಾನೇಜರುಗಳಿಗೆ, 2022ರಲ್ಲಿ ಸಾಮಾನ್ಯ ನೌಕರರಿಗೂ ಅದನ್ನು ತಂದಿತು. 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್, ಕೆಲಸದ ಬಗೆಯನ್ನು ಸೀಮಿತಗೊಳಿಸುವ ಒಪ್ಪಂದ ಇದ್ದಾಗ ನೌಕರರ ಒಪ್ಪಿಗೆಯಿಲ್ಲದೆ ಬೇರೆ ಬಗೆಯ ಕೆಲಸಕ್ಕೆ ವರ್ಗಾಯಿಸುವಂತಿಲ್ಲ ಎಂದು ಹೇಳಿತು. ಅದೇ ತಿಂಗಳಿಂದ, ಮುಂದೆ ಕೆಲಸ ಮತ್ತು ಸ್ಥಳ ಎಲ್ಲಿಯವರೆಗೆ ಬದಲಾಗಬಹುದು ಎಂಬುದನ್ನು ನೇಮಕದ ವೇಳೆ ಲಿಖಿತವಾಗಿ ಕೊಡುವುದು ಪ್ರತಿ ಕಂಪನಿಗೂ ಕಡ್ಡಾಯ. ಜಪಾನಿಗೆ ಹೊರಟವರು ಸಂಬಳದ ಅಂಕಿಗಿಂತ ಮೊದಲು ಓದಬೇಕಾದ ಸಾಲು ಅದು. ಅಲ್ಲಿ ಕೆಲಸ ಕಿರಿದಾಗಿ ಬರೆದಿದ್ದರೆ ಪರವಾನಗಿ ಸುಸೂತ್ರ, ವರ್ಗಾವಣೆಯ ಭಯವಿಲ್ಲ, ಮೇಲೇರುವ ಮೆಟ್ಟಿಲು ಕಡಿಮೆ. ವಿಶಾಲವಾಗಿ ಬರೆದಿದ್ದರೆ ಮೆಟ್ಟಿಲುಗಳು ತೆರೆಯುತ್ತವೆ. ಆದರೆ ಪ್ರತಿ ಬದಲಾವಣೆಯೂ ಪರವಾನಗಿಯ ಷರತ್ತಿಗೆ ಹೊಂದುತ್ತದೆಯೇ ಎಂದು ಕಂಪನಿಯನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಬೇಕಾಗುತ್ತದೆ.